ಸ್ತ್ರೀಯರಲ್ಲಿ ಮೂತ್ರಾವರೋಧ: ಅದರ ನಿದಾನದ ಚರಿತ್ರೆಯೂ ನಮ್ಮ ಕಾಫಿ ಮಲೆಗಳೂ

೧೯೫೧ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ತೋಟ ಕಾರ್ಮಿಕರ ಕಾಯಿದೆಯ ೯ನೆಯ ಪ್ರಕರಣವು ಬಹು ಚಿಕ್ಕದು. ಪ್ರತಿಯೊಂದು ತೋಟದಲ್ಲಿಯೂ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾಗಿ, ಸಾಕಷ್ಟು ಸಂಖ್ಯೆಯಲ್ಲಿ, ಕೆಲಸಗಾರರಿಗೆ ಅನುಕೂಲವಾಗಿ ಎಟಕುವಂತೆ ಶೌಚಗೃಹಗಳನ್ನೂ ಮೂತ್ರಗೃಹಗಳನ್ನೂ ಒದಗಿಸತಕ್ಕದ್ದೆಂದು ಅದು ವಿಧಿಸಿತು. ಮುಂದಿನ ಪ್ರಕರಣವು ವೈದ್ಯಸಹಾಯಕ್ಕೆ ಸಂಬಂಧಿಸಿದುದು. ೨೦೨೦ರಲ್ಲಿ ಸಂಸತ್ತು ಈ ಕಾಯಿದೆಯನ್ನು ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಬಂಧವಾದ ಹೊಸ ಸಂಹಿತೆಯೊಳಗೆ ಸೇರಿಸಿತು. ನಮ್ಮ ಜಿಲ್ಲೆಯ ಕಾರ್ಮಿಕರ ಇತಿಹಾಸವನ್ನು ಅಭ್ಯಸಿಸುವವರು ಕೂಲಿಯ ದರ, ಲೈನು ಮನೆಗಳು, ಮೇಸ್ತ್ರಿಯ ಮುಂಗಡ ಇವುಗಳ ವಿಷಯವಾಗಿ ಬಹಳ ಬರೆದಿದ್ದಾರೆ. ಈ ೯ನೆಯ ಪ್ರಕರಣವನ್ನು ಮಾತ್ರ ಎಲ್ಲರೂ ಬೇಗಬೇಗನೆ ದಾಟಿ ಹೋಗುತ್ತಾರೆ. ಅದನ್ನು ದಾಟದೆ ನಿಂತು ನೋಡಿದರೆ ಒಂದು ವೈದ್ಯಪ್ರಶ್ನೆ ಎದುರಾಗುತ್ತದೆ. ಸ್ತ್ರೀಯೊಬ್ಬಳ ಮೂತ್ರಕೋಶದ ಬಾಯಿ ಕಟ್ಟಿಕೊಂಡಿದೆಯೆಂಬುದನ್ನು ಕಂಡುಹಿಡಿಯುವುದು ಏಕೆ ಇಷ್ಟು ಕಷ್ಟ, ಏಕೆ ಇಷ್ಟು ತಡ? ಇತಿಹಾಸದ ವಿಭಾಗದ ಪತ್ರಿಕೆಯಲ್ಲಿ ಇಂತಹ ವಿಷಯವೇ ಎಂದು ವಾಚಕರು ಹುಬ್ಬೇರಿಸಬಹುದು. ನಿದಾನವೆಂಬುದೂ ಸಾಕ್ಷ್ಯಗಳನ್ನು ತೂಗುವ ಕೆಲಸವೇ ಆದುದರಿಂದ, ಅದು ನಮಗೆ ತೀರ ಪರಕೀಯವಾದುದೇನಲ್ಲ.

ಮೊದಲು ಕೆಲಸದ ಸ್ವರೂಪವನ್ನು ನೆನೆಯಬೇಕು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಸುತ್ತಿನ ತೋಟಗಳಲ್ಲಿ ಅರೇಬಿಕ ಹಣ್ಣಿನ ಕುಯ್ಲು ನವೆಂಬರಿನಿಂದ ಮೊದಲಾಗುತ್ತದೆ. ರೊಬಸ್ಟದ ಕುಯ್ಲು ಫೆಬ್ರವರಿಯನ್ನೂ ಮುಟ್ಟುತ್ತದೆ. ಕುಯ್ಲಿನಲ್ಲಿ ಹೆಂಗಸರೇ ಹೆಚ್ಚು. ಕುಯ್ದ ಹಣ್ಣಿನ ತೂಕಕ್ಕೆ ತಕ್ಕಂತೆ ಹಣ ಬರುವ ಕಡೆಗಳಲ್ಲಿ, ಗಿಡದ ಸಾಲನ್ನು ಬಿಟ್ಟು ಹೋದ ಪ್ರತಿ ನಿಮಿಷವೂ ನಷ್ಟವೇ ಸರಿ. ಮೂತ್ರಗೃಹವು ಇದ್ದರೂ ಅದು ಲೈನಿನ ಬಳಿಯಲ್ಲೋ ಕಣದ ಬಳಿಯಲ್ಲೋ ಇರುತ್ತದೆ, ಕೆಲಸವು ಗುಡ್ಡದ ನೆತ್ತಿಯಲ್ಲಿ ನಡೆಯುತ್ತಿರುತ್ತದೆ. ಮಳೆಗಾಲದಲ್ಲಿ ಗೊರಬನ್ನೋ ಕಂಬಳಿಯನ್ನೋ ಹೊದ್ದು, ಇಂಬಳಗಳ ನಡುವೆ ಕುಳಿತುಕೊಳ್ಳುವುದೆಂದರೆ ಯಾರಿಗೂ ಹಿತವಲ್ಲ. ಆದಕಾರಣ ಹೆಂಗಸರು ಎರಡು ಉಪಾಯಗಳನ್ನು ಹಿಡಿಯುತ್ತಾರೆ: ನೀರನ್ನು ಕಡಿಮೆ ಕುಡಿಯುವುದು, ಬಂದ ವೇಗವನ್ನು ತಡೆದುಕೊಳ್ಳುವುದು.

ವೇಗವನ್ನು ತಡೆಯುವುದರ ಕೆಡುಕನ್ನು ನಮ್ಮ ಪ್ರಾಚೀನ ವೈದ್ಯರು ಚೆನ್ನಾಗಿ ಗುರುತಿಸಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ ೭ನೆಯ ಅಧ್ಯಾಯವು ತಡೆಯಬಾರದ ವೇಗಗಳನ್ನೇ ವಿಷಯವಾಗಿ ಉಳ್ಳದ್ದು. ಅವುಗಳಲ್ಲಿ ಮೂತ್ರವೂ ಒಂದು. ಸುಶ್ರುತಸಂಹಿತೆಯ ಉತ್ತರತಂತ್ರದ ೫೮ನೆಯ ಅಧ್ಯಾಯವು ಮೂತ್ರಾಘಾತದ ಹನ್ನೆರಡು ಬಗೆಗಳನ್ನು ಎಣಿಸುತ್ತದೆ. ಅವುಗಳಲ್ಲಿ ‘ಮೂತ್ರಾತೀತ’ವೆಂಬುದರ ಲಕ್ಷಣವು ಇಂದಿನ ಯಾವ ರೋಗಿಯ ಮಾತಿಗೂ ಹೊಂದುತ್ತದೆ: ವೇಗವನ್ನು ಬಹಳ ಹೊತ್ತು ತಡೆದು ಅನಂತರ ವಿಸರ್ಜಿಸಲು ಹೋದರೆ ಮೂತ್ರ ಹೊರಡುವುದಿಲ್ಲ, ಮುಕ್ಕಿದರೆ ಮಂದವಾದ ನೋವಿನೊಡನೆ ಸ್ವಲ್ಪಸ್ವಲ್ಪವಾಗಿ ಮತ್ತೆ ಮತ್ತೆ ಬರುತ್ತದೆ. ‘ಮೂತ್ರಜಠರ’ದಲ್ಲಿ ಹೊಕ್ಕುಳಿನ ಕೆಳಗೆ ಹೊಟ್ಟೆ ಉಬ್ಬಿ ತೀವ್ರವಾಗಿ ನೋಯುತ್ತದೆ. ಗುದಕ್ಕೂ ಮೂತ್ರಕೋಶಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾದ ಗಡ್ಡೆಯೆದ್ದು ದಾರಿಯನ್ನು ಮುಚ್ಚುವ ‘ಅಷ್ಠೀಲೆ’ಯನ್ನು ಈಚಿನ ವ್ಯಾಖ್ಯಾನಕಾರರು ಅನೇಕರು ಪುರುಷರ ಪ್ರಾಸ್ಟೇಟ್ ಗ್ರಂಥಿಯ ಬಾವಿಗೆ ಸರಿಗಟ್ಟಿದ್ದಾರೆ. ಈ ಸಮೀಕರಣವನ್ನು ಗಮನಿಸಬೇಕು. ಆಧುನಿಕ ವೈದ್ಯವೂ ಮೂತ್ರದ ತಡೆಯೆಂದರೆ ಬಹುಕಾಲ ಪ್ರಾಸ್ಟೇಟನ್ನೇ ನೆನೆಯಿತು. ಸ್ತ್ರೀಯರಿಗೆ ಆ ತೊಡಕಿನ ಗ್ರಂಥಿಯಿಲ್ಲ, ಅವರ ಮೂತ್ರನಾಳವು ಸುಮಾರು ೪ ಸೆಂಟಿಮೀಟರು ಮಾತ್ರ ಉದ್ದ. ಆದುದರಿಂದ ಅವರಲ್ಲಿ ತಡೆಯುಂಟಾಗುವುದು ತೀರ ಅಪರೂಪವೆಂದು ಪಾಠಹೇಳುವವರು ನಂಬಿದ್ದರು. ತಡೆಯುಂಟಾದ ಹೆಂಗಸಿಗೆ ‘ನರಗಳ ದೌರ್ಬಲ್ಯ’, ‘ಮನಸ್ಸಿನ ಕಾಯಿಲೆ’ ಎಂಬ ಹೆಸರುಗಳು ಸುಲಭವಾಗಿ ದೊರೆತವು.

ಮೂತ್ರವಿಸರ್ಜನೆಯಲ್ಲಿ ಎರಡು ಕಾರ್ಯಗಳು ಒಟ್ಟಿಗೆ ನಡೆಯಬೇಕು. ಮೂತ್ರಕೋಶದ ಗೋಡೆಯ ಸ್ನಾಯು ಸಂಕೋಚಿಸಬೇಕು. ಅದೇ ಗಳಿಗೆಯಲ್ಲಿ ಕೋಶದ ಕತ್ತು, ಮೂತ್ರನಾಳದ ಸುತ್ತಿನ ಬಿಗಿಸ್ನಾಯು ಮತ್ತು ಕಟಿಯ ತಳದ ಸ್ನಾಯುಗಳು ಸಡಿಲಗೊಳ್ಳಬೇಕು. ದಾರಿಯಲ್ಲಿ ಎಲ್ಲಿಯಾದರೂ ಅಡ್ಡಿಯಿದ್ದರೆ ಧಾರೆ ಸಣ್ಣದಾಗುತ್ತದೆ, ತಡವಾಗಿ ಹೊರಡುತ್ತದೆ, ನಡುನಡುವೆ ನಿಲ್ಲುತ್ತದೆ, ಕೊನೆಗೆ ಸ್ವಲ್ಪ ಉಳಿದಿದೆಯೆಂಬ ಭಾವನೆ ಬಿಡುವುದಿಲ್ಲ. ತೊಡಕು ಏನೆಂದರೆ, ಅಡ್ಡಿಯುಳ್ಳ ಅನೇಕ ಹೆಂಗಸರು ಈ ಮಾತುಗಳನ್ನು ಹೇಳುವುದೇ ಇಲ್ಲ. ಪದೇ ಪದೇ ಹೋಗಬೇಕಾಗುತ್ತದೆ, ತಡೆಯಲಾಗುವುದಿಲ್ಲ, ಉರಿಮೂತ್ರ ಮರಳಿ ಮರಳಿ ಬರುತ್ತದೆ ಎಂದು ಮಾತ್ರ ಹೇಳುತ್ತಾರೆ. ಉಳಿದು ನಿಂತ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ವೈದ್ಯರು ಸೋಂಕಿಗೆ ಮದ್ದು ಕೊಡುತ್ತಾರೆ. ಸೋಂಕು ಇಳಿಯುತ್ತದೆ, ನಿಂತ ನೀರು ನಿಂತೇ ಇರುತ್ತದೆ. ವರ್ಷಕ್ಕೆ ನಾಲ್ಕಾರು ಬಾರಿ ಹೀಗೆ ನಡೆಯುತ್ತಿರುವಾಗ ಒಳಗಿನ ಒತ್ತಡವು ಹಿಂದಕ್ಕೆ ತಿರುಗಿ ಮೂತ್ರಪಿಂಡಗಳನ್ನು ಉಬ್ಬಿಸಿ ಕೆಡಿಸಬಲ್ಲುದು, ಅದೂ ಹೆಚ್ಚಿನ ನೋವಿಲ್ಲದೆ. ನಿದಾನದ ತಡಕ್ಕೆ ತೆರುವ ಬೆಲೆ ಇದು.

ಈ ಕತ್ತಲ ಕೋಣೆಯೊಳಕ್ಕೆ ಬೆಳಕನ್ನು ಒಯ್ಯುವ ಪ್ರಯತ್ನಗಳ ಕಥೆ ಎರಡು ಶತಮಾನಗಳದು. ಫ್ರಾಂಕ್‌ಫರ್ಟಿನ ಬೊಜ್ಜಿನಿಯು ೧೯ನೆಯ ಶತಮಾನದ ಮೊದಲ ದಶಕದಲ್ಲಿ ಮೇಣದ ಬತ್ತಿಯ ಬೆಳಕನ್ನು ಕನ್ನಡಿಯ ಮೂಲಕ ಶರೀರದೊಳಕ್ಕೆ ಹಾಯಿಸುವ ಯಂತ್ರವನ್ನು ರಚಿಸಿದನು. ೧೮೭೭ರಲ್ಲಿ ನಿಟ್ಜೆಯ ಮೂತ್ರಕೋಶದರ್ಶಕವು ಬಂದಿತು. ಅಮೆರಿಕದ ಹೊವಾರ್ಡ್ ಕೆಲ್ಲಿಯು ೧೮೯೦ರ ದಶಕದಲ್ಲಿ ಸ್ತ್ರೀಯರಿಗೆಂದೇ ಸರಳವಾದ ನಳಿಗೆಯ ದರ್ಶಕವನ್ನು ಬಳಕೆಗೆ ತಂದನು. ಇವುಗಳಿಂದ ಕಲ್ಲು, ಗಡ್ಡೆ, ನಾಳದ ಸಂಕೋಚ ಕಣ್ಣಿಗೆ ಬಿದ್ದವು. ಆದರೆ ಅವರೋಧವೆಂಬುದು ಬಹುಮಟ್ಟಿಗೆ ಕಾಣುವ ವಸ್ತುವಲ್ಲ, ನಡೆಯುವ ಕ್ರಿಯೆ. ರೋಗಿಯು ಸುಮ್ಮನೆ ಮಲಗಿರುವಾಗ ಎಲ್ಲವೂ ತೆರೆದಿರಬಹುದು, ಮೂತ್ರ ಬಿಡಲು ಹೊರಟಾಗ ಮುಚ್ಚಿಕೊಳ್ಳಬಹುದು. ೧೯೩೩ರಲ್ಲಿ ಫ್ರಾನ್ಸಿನ ಮೇರಿಯೋ ಎಂಬ ವೈದ್ಯನು ಮೂತ್ರಕೋಶದ ಕತ್ತೇ ತೆರೆಯದಿರುವ ರೋಗವನ್ನು ವರ್ಣಿಸಿದನು. ಅದು ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಅದನ್ನು ದರ್ಶಕದಿಂದ ಮಾತ್ರ ನೋಡಿ ಸಾಧಿಸಲಾಗುವುದಿಲ್ಲ.

ಆದುದರಿಂದ ನೋಡುವುದರ ಜೊತೆಗೆ ಅಳೆಯುವುದೂ ಬೇಕಾಯಿತು. ಇಟಲಿಯ ಮೋಸ್ಸೋ ಮತ್ತು ಪೆಲ್ಲಕಾನಿ ೧೮೮೦ರ ದಶಕದ ಆರಂಭದಲ್ಲಿ ಮೂತ್ರಕೋಶದ ಒತ್ತಡವನ್ನು ಯಂತ್ರದಿಂದ ದಾಖಲಿಸಿದರು. ಅವರ ಪ್ರಯೋಗಕ್ಕೆ ಒಳಪಟ್ಟವರಲ್ಲಿ ಸ್ತ್ರೀಯರೂ ಇದ್ದರೆಂಬುದು ಉಲ್ಲೇಖನಾರ್ಹ. ಹೊರಗಿನ ಮಾತು, ಸ್ಪರ್ಶ, ಭಾವನೆಗಳಿಗೂ ಕೋಶವು ಪ್ರತಿಕ್ರಿಯೆ ತೋರುವುದನ್ನು ಅವರು ಕಂಡರು. ೧೯೪೮ರಲ್ಲಿ ಡ್ರೇಕ್ ಎಂಬಾತನು ಧಾರೆಯ ವೇಗವನ್ನು ಅಳೆಯುವ ಉಪಕರಣವನ್ನು ಪ್ರಕಟಿಸಿದನು. ೧೯೫೪ರಲ್ಲಿ ಡೇವಿಸ್ ಈ ಬಗೆಯ ಅಭ್ಯಾಸಕ್ಕೆಲ್ಲ ‘ಯುರೋಡೈನಮಿಕ್ಸ್’ ಎಂಬ ಹೆಸರಿಟ್ಟನು. ಕನ್ನಡದಲ್ಲಿ ಮೂತ್ರಗತಿವಿಜ್ಞಾನ ಎನ್ನಬಹುದು. ಇಂದಿನ ಪರೀಕ್ಷೆಯಲ್ಲಿ ಮೂತ್ರಕೋಶದೊಳಕ್ಕೆ ಒಂದು, ಗುದದೊಳಕ್ಕೆ ಇನ್ನೊಂದು ಸಣ್ಣ ನಳಿಕೆಯನ್ನು ಸೇರಿಸುತ್ತಾರೆ. ಎರಡನೆಯದು ಹೊಟ್ಟೆಯ ಒತ್ತಡವನ್ನು ಹೇಳುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಮೂತ್ರಕೋಶದ ಸ್ನಾಯುವಿನ ಸ್ವಂತ ಬಲವಷ್ಟೇ ಉಳಿಯುತ್ತದೆ. ರೋಗಿಯು ಮೂತ್ರ ಬಿಡುವಾಗ ಈ ಬಲವನ್ನೂ ಧಾರೆಯ ವೇಗವನ್ನೂ ಒಟ್ಟಿಗೆ ಬರೆದುಕೊಳ್ಳುತ್ತಾರೆ.

ಒಟ್ಟಿಗೆ ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಧಾರೆ ಮಂದವಾಗಿದೆಯೆಂಬ ಒಂದೇ ಸಾಕ್ಷ್ಯದಿಂದ ಏನನ್ನೂ ತೀರ್ಮಾನಿಸಲಾಗದು: ದಾರಿ ಕಟ್ಟಿದ್ದರೂ ಧಾರೆ ಮಂದ, ಕೋಶದ ಸ್ನಾಯು ಸೋತಿದ್ದರೂ ಮಂದ. ತೂಬು ಮುಚ್ಚಿದ ಕೆರೆಗೂ ನೀರೇ ಇಲ್ಲದ ಕೆರೆಗೂ ಕಾಲುವೆಯಲ್ಲಿ ನಿಂತು ನೋಡುವವನಿಗೆ ಭೇದ ಕಾಣದು. ಬಲ ಹೆಚ್ಚು, ಹರಿವು ಕಡಿಮೆ ಎಂದಾದರೆ ಅಡ್ಡಿ; ಬಲವೂ ಕಡಿಮೆ, ಹರಿವೂ ಕಡಿಮೆ ಎಂದಾದರೆ ಬಹುಶಃ ದೌರ್ಬಲ್ಯ. ಈ ವಿವೇಚನೆಯಿಲ್ಲದೆ ದಾರಿಯನ್ನು ಅಗಲಿಸಿದರೆ ರೋಗ ಹೋಗದು. ಮೇಲಾಗಿ ಮೂತ್ರ ತಡೆಯುವ ಶಕ್ತಿಯೂ ಹೋಗಬಹುದು. ನಿಜವಾದ ಸಂಕೋಚವಿದೆಯೋ ಇಲ್ಲವೋ ನೋಡದೆ ಮೂತ್ರನಾಳವನ್ನು ಸಲಾಕೆಗಳಿಂದ ಹಿಗ್ಗಿಸುವ ಪದ್ಧತಿ ದೀರ್ಘಕಾಲ ಎಲ್ಲ ದೇಶಗಳಲ್ಲಿಯೂ ನಡೆದುಬಂದಿತು. ಸಂಕೋಚವಿಲ್ಲದವರಿಗೆ ಅದರಿಂದ ಉಪಯೋಗವೆಂಬುದಕ್ಕೆ ಒಳ್ಳೆಯ ಆಧಾರವಿಲ್ಲ.

ಇಲ್ಲಿ ಇನ್ನೊಂದು ಗಂಟು ಇದೆ. ಎಷ್ಟು ಬಲವನ್ನು ‘ಹೆಚ್ಚು’ ಎನ್ನಬೇಕು? ಪುರುಷರಿಗಾಗಿ ಸಿದ್ಧವಾಗಿದ್ದ ಕೋಷ್ಟಕಗಳಲ್ಲಿ, ಸ್ನಾಯುಬಲದಿಂದ ಹರಿವಿನ ಎರಡರಷ್ಟನ್ನು ಕಳೆದಾಗ ೪೦ಕ್ಕಿಂತ ಹೆಚ್ಚು ಉಳಿದರೆ ಅವರೋಧವೆಂದು ಲೆಕ್ಕ. ಸ್ತ್ರೀಯರು ಸಹಜವಾಗಿಯೇ ಬಹಳ ಕಡಿಮೆ ಬಲದಿಂದ ಮೂತ್ರ ವಿಸರ್ಜಿಸುತ್ತಾರೆ. ಕೆಲವರು ತಳದ ಸ್ನಾಯುಗಳನ್ನು ಸಡಿಲಗೊಳಿಸುವುದರಿಂದಲೇ ಕೆಲಸ ಮುಗಿಸುತ್ತಾರೆ. ಪುರುಷರ ಅಳತೆಗೋಲನ್ನು ಹಿಡಿದರೆ ಅವರೋಧವಿರುವ ಹೆಂಗಸೂ ಆರೋಗ್ಯವಂತಳಾಗಿ ತೋರುತ್ತಾಳೆ. ಈ ಅನ್ಯಾಯವನ್ನು ಸರಿಪಡಿಸುವ ಕೆಲಸ ೧೯೯೦ರ ದಶಕದ ಕೊನೆಯಲ್ಲಿ ಮಾತ್ರ ಚುರುಕಾಯಿತೆಂದರೆ ಆಶ್ಚರ್ಯವಾಗುತ್ತದೆ. ೧೯೯೮ರಲ್ಲಿ ಶಸಾಞ್ ಮತ್ತು ಸಂಗಡಿಗರು ಸೆಕೆಂಡಿಗೆ ೧೫ ಮಿಲಿಲೀಟರು ಅಥವಾ ಅದಕ್ಕಿಂತ ಕಡಿಮೆ ಹರಿವು, ಜೊತೆಗೆ ೨೦ ಸೆಂಟಿಮೀಟರು ನೀರಿನ ಮಟ್ಟಕ್ಕಿಂತ ಹೆಚ್ಚು ಬಲ ಎಂಬ ಗಡಿಯನ್ನು ಸೂಚಿಸಿದರು. ಮುಂದಿನ ವರ್ಷಗಳಲ್ಲಿ ಬಂದವರು ಇದನ್ನು ೧೧ಕ್ಕೆ ೨೧, ೧೨ಕ್ಕೆ ೨೫ ಎಂದು ತಿದ್ದಿದರು. ೨೦೦೦ದಲ್ಲಿ ಬ್ಲೈವಾಸ್ ಮತ್ತು ಗ್ರೌಟ್ಜ್, ನಳಿಕೆಯಿಲ್ಲದೆ ಅಳೆದ ಸ್ವತಂತ್ರ ಹರಿವನ್ನೂ ಗರಿಷ್ಠ ಬಲವನ್ನೂ ಸೇರಿಸಿ, ಅವರೋಧವಿಲ್ಲದ್ದು, ಅಲ್ಪ, ಮಧ್ಯಮ, ತೀವ್ರ ಎಂಬ ನಾಲ್ಕು ವಲಯಗಳ ನಕ್ಷೆಯನ್ನು ಕೊಟ್ಟರು. ಇಂಗ್ಲೆಂಡಿನ ಸಾಲೊಮನ್, ಗ್ರೀನ್‌ವೆಲ್ ಮೊದಲಾದವರು ೨೦೧೮ರಲ್ಲಿ ಬಲದಿಂದ ಹರಿವಿನ ೨.೨ರಷ್ಟನ್ನು ಕಳೆಯುವ ಸೂತ್ರವನ್ನು ಪ್ರಕಟಿಸಿದರು: ಶೇಷವು ೦ಕ್ಕಿಂತ ಕಡಿಮೆಯಾದರೆ ಅವರೋಧದ ಸಂಭವ ಶೇಕಡ ೧೦ಕ್ಕೂ ಕಡಿಮೆ, ೧೮ನ್ನು ಮೀರಿದರೆ ಶೇಕಡ ೯೦ಕ್ಕೂ ಹೆಚ್ಚು. ಪುರುಷರ ೪೦ನ್ನು ಈ ೧೮ರ ಪಕ್ಕದಲ್ಲಿಟ್ಟು ನೋಡಿದರೆ, ಆ ಮೊದಲು ಎಷ್ಟು ಹೆಂಗಸರು ಜರಡಿಯಿಂದ ಜಾರಿಹೋಗಿರಬಹುದೆಂಬುದನ್ನು ಊಹಿಸಬಹುದು.

ಅಂಕಿಗಳಲ್ಲಿಯೇ ಒಮ್ಮತವಿಲ್ಲದಿರುವುದರಿಂದ ಚಿತ್ರವನ್ನೂ ಸಾಕ್ಷಿಗೆ ಕರೆಯಬೇಕೆಂದು ನಿಟ್ಟಿ ಮತ್ತು ಸಂಗಡಿಗರು ೧೯೯೯ರಲ್ಲಿ ವಾದಿಸಿದರು. ಕ್ಷಕಿರಣಕ್ಕೆ ಕಾಣುವ ದ್ರವವನ್ನು ತುಂಬಿ, ಕೋಶದ ಸ್ನಾಯು ಎಡೆಬಿಡದೆ ಸಂಕೋಚಿಸುತ್ತಿರುವಾಗ ಕತ್ತಿಗೂ ನಾಳದ ತುದಿಗೂ ನಡುವೆ ಎಲ್ಲಿ ನಿಂತಿತೆಂಬುದನ್ನು ನೋಡುವುದು ಅವರ ಕ್ರಮ. ಅವರು ಪರೀಕ್ಷಿಸಿದ ೨೬೧ ಸ್ತ್ರೀಯರಲ್ಲಿ ೭೬ ಮಂದಿಗೆ ಅವರೋಧವಿದ್ದಿತು. ಬೇರೊಂದು ಕ್ರಮದಿಂದ ಗ್ರೌಟ್ಜ್ ಮತ್ತು ಸಂಗಡಿಗರು ೫೮೭ ಮಂದಿಯನ್ನು ನೋಡಿದಾಗ ೩೮ ಮಂದಿಗೆ ಮಾತ್ರ ಇದ್ದಿತು. ಆಸ್ಪತ್ರೆಗೆ ಬಂದವರೂ ಬೇರೆ, ಲಕ್ಷಣವೂ ಬೇರೆ. ವ್ಯಾಖ್ಯೆಯನ್ನು ಬದಲಿಸಿದರೆ ಘಟನೆಗಳ ಸಂಖ್ಯೆಯೂ ಬದಲಾಗುವುದೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾಗಿಲ್ಲ; ಬರಗಾಲಗಳನ್ನೂ ದಂಗೆಗಳನ್ನೂ ಎಣಿಸುವಾಗ ನಮಗೂ ಇದೇ ಪಾಡು.

ಇನ್ನು ಕಾರಣಗಳು. ಅವುಗಳನ್ನು ದಾರಿಯಲ್ಲಿನ ಅಡ್ಡಿ, ಸಡಿಲಗೊಳ್ಳದ ಅಡ್ಡಿ ಎಂದು ಎರಡಾಗಿ ವಿಭಜಿಸುವುದು ವಾಡಿಕೆ. ಮೊದಲನೆಯ ವರ್ಗದಲ್ಲಿ ನಾಳದ ಸಂಕೋಚ, ಕಲ್ಲು, ಗಡ್ಡೆ, ನಾಳದ ಪಕ್ಕದ ಚೀಲ, ಮೂತ್ರಸೋರಿಕೆಯನ್ನು ನಿಲ್ಲಿಸಲು ಮಾಡಿದ ಶಸ್ತ್ರಕ್ರಿಯೆಯ ಬಿಗಿ ಮೊದಲಾದವು ಬರುತ್ತವೆ. ಗರ್ಭದ ಮೂರು ನಾಲ್ಕನೆಯ ತಿಂಗಳಲ್ಲಿ ಹಿಂದಕ್ಕೆ ಬಾಗಿದ ಗರ್ಭಕೋಶವು ಕಟಿಯೊಳಗೆ ಸಿಕ್ಕಿಕೊಂಡು ಮೂತ್ರವನ್ನು ಪೂರ್ಣವಾಗಿ ಕಟ್ಟಬಹುದು. ಹದಿಮೂರು ಹದಿನೈದು ವರ್ಷದ ಹುಡುಗಿಯೊಬ್ಬಳು ಇನ್ನೂ ಋತುಮತಿಯಾಗದೆ, ತಿಂಗಳಿಗೊಮ್ಮೆ ಹೊಟ್ಟೆನೋವನ್ನು ಅನುಭವಿಸಿ, ಒಂದು ದಿನ ಮೂತ್ರ ಕಟ್ಟಿ ಬಂದರೆ, ಯೋನಿದ್ವಾರದ ಪೊರೆಯು ಮುಚ್ಚಿ ರಕ್ತ ಒಳಗೆ ನಿಂತಿದೆಯೇ ಎಂದು ನೋಡಬೇಕು. ಹುಡುಗಿಯರಿಗೆ ಪಾಠಹೇಳುವವರು ಇದೊಂದನ್ನು ತಿಳಿದಿರುವುದು ಅವಶ್ಯ.

ಆದರೆ ನಮ್ಮ ಮಲೆಗಳಿಗೆ ಅತ್ಯಂತ ಹತ್ತಿರವಾದ ಕಾರಣವೆಂದರೆ ಗರ್ಭಕೋಶವೂ ಮೂತ್ರಕೋಶವೂ ಕೆಳಕ್ಕೆ ಜಾರುವುದು. ಹಲವು ಹೆರಿಗೆ, ಹೆತ್ತ ಕೆಲವೇ ವಾರಗಳಲ್ಲಿ ಕೆಲಸಕ್ಕೆ ಹೋಗುವುದು, ಹಣ್ಣಿನ ಚೀಲವನ್ನೋ ಸೌದೆಯ ಹೊರೆಯನ್ನೋ ತಲೆಯ ಮೇಲೆ ಹೊತ್ತು ಇಳಿಜಾರಿನಲ್ಲಿ ನಡೆಯುವುದು, ಇವೆಲ್ಲ ತಳದ ಸ್ನಾಯುಗಳನ್ನು ಸಡಿಲಿಸುತ್ತವೆ. ಮೂತ್ರಕೋಶವು ಜಾರಿದಾಗ ನಾಳವು ಮುರಿದ ಕೊಳವೆಯಂತೆ ಮಡಿಸಿಕೊಳ್ಳುತ್ತದೆ. ಇದರ ವಿಚಿತ್ರವೆಂದರೆ ಅದು ಹೊತ್ತಿನೊಡನೆ ಬದಲಾಗುತ್ತದೆ. ಬೆಳಗ್ಗೆ ಎದ್ದಾಗ ಧಾರೆ ಚೆನ್ನಾಗಿರುತ್ತದೆ. ಇಡೀ ದಿನ ನಿಂತು ಕುಯ್ದ ಮೇಲೆ ಸಂಜೆ ಹನಿಹನಿಯಾಗುತ್ತದೆ. ಬೆಳಗಿನ ಬಸ್ಸಿನಲ್ಲಿ ಪೇಟೆಗೆ ಬಂದು, ಮಂಚದ ಮೇಲೆ ಮಲಗಿ ತೋರಿಸಿಕೊಂಡವಳಲ್ಲಿ ವೈದ್ಯರಿಗೆ ಏನೂ ಕಾಣದಿದ್ದರೆ ಅಚ್ಚರಿಯಿಲ್ಲ. ನಿಲ್ಲಿಸಿ, ಕೆಮ್ಮಿಸಿ, ಮುಕ್ಕಿಸಿ ನೋಡಬೇಕು. ಕೆಲವು ಹೆಂಗಸರು ಜಾರಿದುದನ್ನು ಬೆರಳಿನಿಂದ ಮೇಲಕ್ಕೆ ಒತ್ತಿಕೊಂಡು ಮೂತ್ರ ಬಿಡುತ್ತಾರೆ. ಈ ಒಂದು ಸಂಗತಿ ಗೊತ್ತಾದರೆ ಅರ್ಧ ನಿದಾನ ಮುಗಿದಂತೆಯೇ. ಕೇಳದೆ ಯಾರೂ ಅದನ್ನು ಹೇಳುವುದಿಲ್ಲ, ಗಂಡನ ಅಥವಾ ಅತ್ತೆಯ ಎದುರಿಗಂತೂ ಹೇಳುವುದೇ ಇಲ್ಲ. ಹಿಂದೆ ಘಟ್ಟದ ಕೆಳಗಿನಿಂದ ತುಳು ಮಾತನಾಡುವವರೂ ಪೂರ್ವದಿಂದ ತಮಿಳರೂ ತೋಟಗಳಿಗೆ ಬಂದರು. ಈಚೆಗೆ ಅಸ್ಸಾಮಿನಿಂದಲೂ ಬರುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆಗೆ ಭಾಷೆಯೇ ಇಲ್ಲದಿದ್ದರೆ, ಅಥವಾ ದುಭಾಷಿಯಾಗಿ ಮೇಸ್ತ್ರಿಯೇ ನಿಂತಿದ್ದರೆ, ಉತ್ತರವೆಲ್ಲಿಂದ ಬರಬೇಕು?

ಜಾರಿಕೆಯೇ ಅಡ್ಡಿಗೆ ಕಾರಣವೆಂಬುದನ್ನು ಪರೀಕ್ಷಿಸುವ ಸುಲಭವಾದ ಒಂದು ಮಾರ್ಗವಿದೆ. ಪೆಸರಿಯೆಂಬ ಉಂಗುರವನ್ನಿಟ್ಟು ಜಾರಿದುದನ್ನು ಸ್ವಸ್ಥಾನಕ್ಕೆ ಏರಿಸಿ ಮತ್ತೆ ಹರಿವನ್ನೂ ಉಳಿದ ಮೂತ್ರವನ್ನೂ ಅಳೆಯುವುದು. ಹರಿವು ಹೆಚ್ಚಿದರೆ ಆರೋಪಿ ಸಿಕ್ಕಿದಂತಾಯಿತು. ಹಾಗೆ ಏರಿಸಿದಾಗ ಅದುವರೆಗೆ ಮರೆಯಾಗಿದ್ದ ಮೂತ್ರಸೋರಿಕೆ ಪ್ರಕಟವಾಗುವುದೂ ಉಂಟು. ಶಸ್ತ್ರಕ್ರಿಯೆಗೆ ಮೊದಲೇ ಅದನ್ನು ತಿಳಿಯುವುದು ಲೇಸು.

ಎರಡನೆಯ ವರ್ಗದ ಅಡ್ಡಿಯಲ್ಲಿ ದಾರಿ ಸರಿಯಾಗಿಯೇ ಇದೆ, ಬಾಗಿಲು ಮಾತ್ರ ಸಮಯಕ್ಕೆ ತೆರೆಯದು. ಮೇರಿಯೋ ಹೇಳಿದ ಕತ್ತಿನ ರೋಗ ಇಲ್ಲಿಗೆ ಸೇರುತ್ತದೆ. ನರರೋಗವಿಲ್ಲದಿದ್ದರೂ ಮೂತ್ರ ಬಿಡುವಾಗ ತಳದ ಸ್ನಾಯುಗಳನ್ನು ಬಿಗಿಹಿಡಿಯುವ ಅಭ್ಯಾಸದೋಷವೂ ಇದರಲ್ಲಿದೆ. ವರ್ಷಗಟ್ಟಲೆ ತಡೆದುಕೊಳ್ಳುವುದು, ಅವಸರದಲ್ಲಿ ಅರ್ಧ ಬಿಡುವುದು ಇದಕ್ಕೆ ಹಾದಿ ಮಾಡುತ್ತದೆಂದು ವೈದ್ಯರು ಎಣಿಸುತ್ತಾರೆ. ೧೯೯೧ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಸಾರ್ವಜನಿಕ ಶೌಚಪೀಠವನ್ನು ಮುಟ್ಟಲು ಹೇಸಿ ಅದರ ಮೇಲೆ ಅರೆಬಾಗಿ ನಿಂತು ಮೂತ್ರ ಬಿಡುವ ಹೆಂಗಸರಲ್ಲಿ ಸರಾಸರಿ ಹರಿವು ಶೇಕಡ ೨೧ರಷ್ಟು ಇಳಿದು, ಒಳಗೆ ಉಳಿಯುವ ಮೂತ್ರ ಶೇಕಡ ೧೪೯ರಷ್ಟು ಏರಿತೆಂದು ಅದು ತೋರಿಸಿತು. ನಮ್ಮವರು ಪೂರ್ತಿ ಕುಕ್ಕುರು ಕುಳಿತರೆ ಈ ದೋಷವಿಲ್ಲ. ಆದರೆ ಜಾರುವ ಇಳಿಜಾರಿನಲ್ಲಿ, ಯಾರಾದರೂ ಬಂದಾರೆಂಬ ಭಯದಲ್ಲಿ, ಅರೆಬಾಗಿ ಮುಗಿಸುವವಳ ಸ್ಥಿತಿ ಆ ಇಂಗ್ಲಿಷ್ ಹೆಂಗಸಿನದಕ್ಕಿಂತ ಬೇರೆಯಲ್ಲ.

೧೯೮೦ರ ದಶಕದಲ್ಲಿ ಲಂಡನ್ನಿನ ಕ್ಲೇರ್ ಫೌಲರ್ ಎಂಬಾಕೆಯು ಮಾಡಿದ ಕೆಲಸವು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಅಧ್ಯಾಯ. ಇಪ್ಪತ್ತು ಮೂವತ್ತರ ವಯಸ್ಸಿನ ಹೆಂಗಸರು ಇದ್ದಕ್ಕಿದ್ದಂತೆ ಮೂತ್ರ ಕಟ್ಟಿ ಬರುತ್ತಿದ್ದರು. ಕೋಶದಲ್ಲಿ ಒಂದು ಲೀಟರಿಗೂ ಮೀರಿ ತುಂಬಿದ್ದರೂ ಅವರಿಗೆ ವೇಗದ ಅರಿವೇ ಆಗುತ್ತಿರಲಿಲ್ಲ. ಯಾವ ದೋಷವೂ ಕಾಣದಿದ್ದುದರಿಂದ ಅವರನ್ನು ಮನೋರೋಗಿಗಳೆಂದು ಎಣಿಸುತ್ತಿದ್ದರು. ಫೌಲರರು ಮೂತ್ರನಾಳದ ಬಿಗಿಸ್ನಾಯುವಿನೊಳಕ್ಕೆ ಸೂಜಿಯನ್ನು ಹಾಯಿಸಿ ಅದರ ವಿದ್ಯುತ್ ಸಂಚಲನವನ್ನು ಧ್ವನಿಯಾಗಿ ಕೇಳಿದರು. ಸುಮ್ಮನಿರಬೇಕಾದ ಸ್ನಾಯು ತಾನೇ ತಾನಾಗಿ ಎಡೆಬಿಡದೆ ಮಿಡಿಯುತ್ತಿದ್ದಿತು. ಅದರ ಸದ್ದನ್ನು ಕಡಲಿನೊಳಗಿನ ತಿಮಿಂಗಿಲದ ಕೂಗಿಗೆ ಹೋಲಿಸುತ್ತಾರೆ. ರೋಗವು ಮನಸ್ಸಿನಲ್ಲಿರಲಿಲ್ಲ, ಸ್ನಾಯುವಿನಲ್ಲಿದ್ದಿತು.

ಚಿಕಿತ್ಸೆಯ ವಿಷಯವು ಈ ಲೇಖನದ ವ್ಯಾಪ್ತಿಯದಲ್ಲ. ಕತ್ತಿನ ಸ್ನಾಯುವನ್ನು ಸಡಿಲಿಸುವ ಮದ್ದು, ತಳದ ಸ್ನಾಯುಗಳಿಗೆ ಶಿಕ್ಷಣ, ಶಸ್ತ್ರಕ್ರಿಯೆ, ಹಾಗೂ ೧೯೭೨ರಲ್ಲಿ ಅಮೆರಿಕದ ಲಾಪಿಡಸ್ ಪ್ರಚಾರಕ್ಕೆ ತಂದ, ಶುದ್ಧವಾದ ನಳಿಕೆಯನ್ನು ರೋಗಿಯೇ ದಿನಕ್ಕೆ ಕೆಲವು ಬಾರಿ ಸೇರಿಸಿಕೊಂಡು ಕೋಶವನ್ನು ಬರಿದು ಮಾಡುವ ಕ್ರಮ, ಇವು ಇವೆಯೆಂದು ಹೇಳಿದರೆ ಸಾಕು.

ಬಲವನ್ನೂ ಹರಿವನ್ನೂ ಒಟ್ಟಿಗೆ ಅಳೆಯುವ ಯಂತ್ರಗಳು ಬೆಂಗಳೂರು, ಮಂಗಳೂರು, ಮಣಿಪಾಲದಂತಹ ಕೇಂದ್ರಗಳಲ್ಲಿವೆ. ಕಳಸದಿಂದ ಜಿಲ್ಲಾ ಕೇಂದ್ರಕ್ಕೇ ಸುಮಾರು ೯೦ ಕಿಲೋಮೀಟರು. ಮೂಡಿಗೆರೆಯವರು ಮಂಗಳೂರಿಗೆ ಹೋಗಬೇಕಾದರೆ ಚಾರ್ಮಾಡಿ ಘಟ್ಟವನ್ನು ಇಳಿಯಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದು ಆ ದಾರಿ ಮುಚ್ಚುವುದೂ ಉಂಟು. ಕುಯ್ಲಿನ ಕಾಲದಲ್ಲಿ ಎರಡು ದಿನದ ಕೂಲಿಯನ್ನು ಬಿಟ್ಟು ಹೋಗೆಂದು ಹೇಳುವುದು ಸುಲಭ. ಆದುದರಿಂದ ಯಾರನ್ನು ಕಳುಹಿಸಬೇಕು, ಯಾರನ್ನು ಬೇಡ ಎಂಬುದನ್ನು ಮಲೆಯ ಮೇಲೆಯೇ ನಿರ್ಧರಿಸುವಂತಾಗಬೇಕು. ಅದಕ್ಕೆ ದೊಡ್ಡ ಯಂತ್ರ ಬೇಕಾಗಿಲ್ಲ. ಮೂರು ದಿನ ಎಷ್ಟು ಕುಡಿದಳು, ಎಷ್ಟು ಬಾರಿ ಹೋದಳು ಎಂಬುದರ ಪಟ್ಟಿ. ಓದುಬರಹ ಬಾರದಿದ್ದರೆ ಗೆರೆ ಎಳೆದರೂ ಆದೀತು. ಮೂತ್ರ ಬಿಟ್ಟ ಕೂಡಲೇ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿ ಎಷ್ಟು ಉಳಿಯಿತೆಂದು ನೋಡುವುದು. ೫೦ ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಸಾಮಾನ್ಯ, ೧೫೦ನ್ನು ಮೀರಿ ಮತ್ತೆ ಮತ್ತೆ ಕಂಡುಬಂದರೆ ಸುಮ್ಮನಿರಬಾರದು. ಸ್ಕ್ಯಾನಿಂಗ್ ಮಾಡುವಾಗ ಮೂತ್ರಪಿಂಡಗಳು ಉಬ್ಬಿವೆಯೇ ಎಂಬುದನ್ನೂ ನೋಡಬೇಕು. ಉಳಿದದ್ದು ಅಳತೆಯ ಪಾತ್ರೆ ಮತ್ತು ಗಡಿಯಾರದ ಕೆಲಸ: ಬಾಗಿಲು ಹಾಕಿದ ಕೋಣೆಯಲ್ಲಿ, ಅವಸರಪಡಿಸದೆ, ಕನಿಷ್ಠ ೧೫೦ ಮಿಲಿಲೀಟರು ತುಂಬಿರುವಾಗ ಪಾತ್ರೆಯಲ್ಲಿ ಬಿಡಿಸಿ, ಮೊತ್ತವನ್ನು ಸೆಕೆಂಡುಗಳಿಂದ ಭಾಗಿಸಿದರೆ ಸರಾಸರಿ ಹರಿವು ದೊರೆಯುತ್ತದೆ. ಸಂಜೆ, ಕೆಲಸ ಮುಗಿದ ಮೇಲೆ, ಇದನ್ನು ಇನ್ನೊಮ್ಮೆ ಮಾಡಬೇಕು.